ಟೇ ನದಿಯಲ್ಲಿ ಸಾಲ್ಮನ್: ಸೆಪ್ಟೆಂಬರಿನಲ್ಲಿ ಅಪ್ಪನ ಜೊತೆ ಒಂದು ದಿನ. ಖರ್ಚೆಷ್ಟು, ಸಿಗುತ್ತದಾ?

ರಾಮನಾಥಪುರದ ಮಗ (ಜೂನ್ 9)

ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್ಲೆಂಡಿನ ಡಂಡೀಗೆ ಬಂದು ಮೂರು ವರ್ಷ ಆಯಿತು. ಊರು ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹತ್ತಿರ. ಸೆಪ್ಟೆಂಬರಿನಲ್ಲಿ ಅಪ್ಪ ಅಮ್ಮ ಮೂರು ವಾರ ಇಲ್ಲಿಗೆ ಬರುತ್ತಿದ್ದಾರೆ.

ಅಪ್ಪನಿಗೆ ಈಗ 68. ಹುಡುಗನಾಗಿದ್ದಾಗಿಂದ ಕಾವೇರಿಯಲ್ಲಿ ಗಾಳ ಹಾಕಿದವರು. ದೇವಸ್ಥಾನದ ಮುಂದಿರುವ ಮಡುವಿನ ಮೀನನ್ನು ಯಾರೂ ಮುಟ್ಟುವುದಿಲ್ಲ, ಅವು ದೇವರ ಮೀನು. ಹಾಗಾಗಿ ಇವರು ದೂರ ನಡೆದು ಹೊಳೆಯ ಕೆಳಭಾಗಕ್ಕೆ ಹೋಗುತ್ತಿದ್ದರು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ದರು. ನಾನು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ.

ಇಲ್ಲಿ ನಮ್ಮ ಮನೆಯಿಂದ ಅರ್ಧ ಗಂಟೆ ಹೋದರೆ ಪರ್ತ್, ಅಲ್ಲೇ ಟೇ ನದಿ. ಆ ನೀರು ನೋಡಿದಾಗಲೆಲ್ಲ ಅಪ್ಪ ನೆನಪಾಗುತ್ತಾರೆ. ಅವರ ಕೈಗೆ ಒಂದು ದಿನವಾದರೂ ಇಲ್ಲಿನ ಗಾಳದ ಕೋಲು ಕೊಡಬೇಕು ಅನ್ನುವುದು ಆಸೆ. ನನ್ನ ಹತ್ತಿರ ಇದಕ್ಕೆ 300 ಪೌಂಡ್ ಇದೆ. ನಂಗೆ ಸಾಲ್ಮನ್ ಮೀನಿನ ಬಗ್ಗೆ ಏನೂ ಗೊತ್ತಿಲ್ಲ. ಲೈಸೆನ್ಸ್ ಬೇಕಾ? ಎಲ್ಲಿಗೆ ಹೋಗಬೇಕು? ಮೀನು ಸಿಗುವ ಸಾಧ್ಯತೆ ನಿಜವಾಗಿ ಎಷ್ಟು? ಅನುಭವ ಇದ್ದವರು ಬಿಡಿಸಿ ಹೇಳಿ.

ಟೇ ದಂಡೆ (ಜೂನ್ 9)

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಪರ್ತ್‌ನಲ್ಲಿ 14 ವರ್ಷದಿಂದ ಇದ್ದೇನೆ, ಸಾಲ್ಮನ್ ಹಿಡಿಯಲು ಶುರು ಮಾಡಿ 11 ವರ್ಷ.

ಮೊದಲು ಲೈಸೆನ್ಸ್ ವಿಷಯ. ಇಂಗ್ಲೆಂಡಿನಲ್ಲಿ ಸರ್ಕಾರದ ರಾಡ್ ಲೈಸೆನ್ಸ್ ಬೇಕು. ಸ್ಕಾಟ್ಲೆಂಡಿನಲ್ಲಿ ಅದು ಇಲ್ಲ, ಗಡಿಯ ಎಸ್ಕ್ ನದಿಯೊಂದನ್ನು ಬಿಟ್ಟು. ಆದರೆ ಹಾಗಂತ ಎಲ್ಲಿ ಬೇಕಾದರೂ ಗಾಳ ಹಾಕುವ ಹಾಗಿಲ್ಲ. ಇಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಅಂದರೆ ಒಂದು ಆಸ್ತಿ. ದಡದ ಜಮೀನು ಒಬ್ಬರದ್ದು, ಅದರ ಮುಂದಿನ ನೀರಿನ ಸಾಲ್ಮನ್ ಹಕ್ಕು ಇನ್ನೊಬ್ಬರದ್ದು ಇರಬಹುದು. ಹಕ್ಕುದಾರರ ಅನುಮತಿ ಇಲ್ಲದೆ ಸಾಲ್ಮನ್‌ಗೆ ಗಾಳ ಹಾಕಿದರೆ ಅದು ಅಪರಾಧ, ಕೇಸ್ ಆಗುತ್ತದೆ.

ನದಿಯನ್ನು ಹೀಗೆ ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ. ಒಂದೊಂದು ತುಂಡಿಗೆ ಬೀಟ್ ಅನ್ನುತ್ತಾರೆ. ಒಂದು ಬೀಟ್‌ನಲ್ಲಿ ದಿನಕ್ಕೆ ಇಷ್ಟೇ ಕೋಲು ಅಂತ ಲೆಕ್ಕ ಇರುತ್ತದೆ. ನೀವು ದುಡ್ಡು ಕೊಡುವುದು ಒಂದು ಕೋಲಿನ ಜಾಗಕ್ಕೆ, ಒಂದು ದಿನಕ್ಕೆ. ಮೀನಿಗಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ಟೇ ಸೀಸನ್ ಜನವರಿ 15ರಿಂದ ಅಕ್ಟೋಬರ್ 15. ಭಾನುವಾರ ಸಾಲ್ಮನ್ ಹಿಡಿಯುವುದು ಇಡೀ ಸ್ಕಾಟ್ಲೆಂಡಿನಲ್ಲಿ ಕಾನೂನು ಪ್ರಕಾರ ನಿಷೇಧ. ಎಷ್ಟೋ ಜನ ರಜೆ ಅಂತ ಭಾನುವಾರ ಪ್ಲಾನ್ ಮಾಡಿ ನಿರಾಸೆ ಪಡುತ್ತಾರೆ. ಅಪ್ಪ ಬಂದಾಗ ವಾರದ ದಿನ ರಜೆ ಹಾಕಿ.

ಇನ್ನು ದರ. ನಾನು ಕೊಟ್ಟ ದರಗಳನ್ನು ಹೇಳುತ್ತೇನೆ. ಗಾಳ ಹಾಕುವವರ ಸಂಘದ ನೀರಿನಲ್ಲಿ ದಿನಕ್ಕೆ 25 ಪೌಂಡ್‌ಗೂ ನಿಂತಿದ್ದೇನೆ. ಖಾಸಗಿ ಬೀಟ್‌ನಲ್ಲಿ ಬೇಸಿಗೆಯಲ್ಲಿ 50 ಕೊಟ್ಟಿದ್ದೇನೆ. ಅದೇ ಬೀಟ್‌ಗೆ ಸೆಪ್ಟೆಂಬರ್ ಕೊನೆಯಲ್ಲಿ 110. ಅದೇ ನೀರು, ಅದೇ ಕಲ್ಲು, ದುಪ್ಪಟ್ಟು ದರ. ಯಾಕಂದರೆ ಹಳೆಯ ಲೆಕ್ಕದಲ್ಲಿ ಶರತ್ಕಾಲವೇ ಭರ್ತಿ ಮೀನಿನ ಕಾಲ. ದರಪಟ್ಟಿ ಆ ಹಳೆಯ ದಿನಗಳನ್ನು ಇನ್ನೂ ಮರೆತಿಲ್ಲ, ಆದರೆ ಮೀನು ಆಗಿನ ಹಾಗೆ ಬರುತ್ತಿಲ್ಲ.

ಸಾಧ್ಯತೆ ಕೇಳಿದಿರಿ. ನನ್ನ ಡೈರಿ ತೆಗೆದು ನೋಡಿದೆ. ಕಳೆದ ಮೂರು ಸೀಸನ್‌ನಲ್ಲಿ 41 ದಿನ ನೀರಿನಲ್ಲಿ ನಿಂತಿದ್ದೇನೆ. ಬಲೆಗೆ ಬಂದದ್ದು 6 ಮೀನು. ನಾನು ಈ ನದಿಯ ಪಕ್ಕದಲ್ಲೇ ಇರುವವನು, ನೀರು ಚೆನ್ನಾಗಿದೆ ಅಂದರೆ ಮಾತ್ರ ಹೋಗುವವನು. ಒಂದೇ ದಿನಕ್ಕೆ ಬರುವವರು ಇನ್ನೂ ಕಡಿಮೆ ಇಟ್ಟುಕೊಳ್ಳಬೇಕು.

ಕರಾವಳಿ ಹುಡುಗ (ಜೂನ್ 10)

ಎಡಿನ್‌ಬರಾದಿಂದ. ಉಡುಪಿ ಕಡೆಯವನು. ಒಂದು ಸಂಶಯ. ಹಿಡಿದ ಮೀನು ಮನೆಗೆ ತರಬಹುದಾ? ಅಂಗಡಿಯಲ್ಲಿ ಸ್ಕಾಟಿಷ್ ಸಾಲ್ಮನ್ ಬೇಕಾದಷ್ಟು ಸಿಗುತ್ತದೆ ಅಲ್ವಾ? ಹಾಗಿದ್ದರೆ ನದಿಯಲ್ಲಿ ಮಾತ್ರ ಯಾಕೆ ಇಷ್ಟು ಕಡಿಮೆ?

ಮರಿಮೀನು (ಜೂನ್ 10)

ಇನ್ವರ್ನೆಸ್‌ನಲ್ಲಿ ಮೀನಿನ ಜೀವಶಾಸ್ತ್ರ ಓದುತ್ತಿದ್ದೇನೆ. ಇದಕ್ಕೆ ಉತ್ತರ ನಾನು ಕೊಡುತ್ತೇನೆ.

ಅಂಗಡಿಯ ಸ್ಕಾಟಿಷ್ ಸಾಲ್ಮನ್ ಸಾಕಿದ ಮೀನು. ಪಶ್ಚಿಮ ಕರಾವಳಿ ಮತ್ತು ದ್ವೀಪಗಳ ಕಡೆ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಬೆಳೆಸುತ್ತಾರೆ. ಕೋಲಿನಲ್ಲಿ ಹಿಡಿದ ಕಾಡು ಸಾಲ್ಮನ್ ಮಾರುವುದು ಸ್ಕಾಟ್ಲೆಂಡಿನಲ್ಲಿ 2002ರಿಂದ ನಿಷೇಧ. ಹಾಗೇ ನಮ್ಮ ಕಡೆ ‘ಇಂಡಿಯನ್ ಸಾಲ್ಮನ್’ ಅಂತ ಮಾರುವ ರಾವಸ್ ಬೇರೆಯೇ ಜಾತಿ. ಅದಕ್ಕೂ ಇದಕ್ಕೂ ನಂಟಿಲ್ಲ.

ಮನೆಗೆ ತರುವ ವಿಷಯ: ಏಪ್ರಿಲ್ 1ರ ಒಳಗೆ ಯಾವ ನದಿಯಲ್ಲಿ ಹಿಡಿದರೂ ವಾಪಸ್ ಬಿಡಲೇಬೇಕು. ಆಮೇಲೆ ನದಿಯ ದರ್ಜೆ ನೋಡಬೇಕು. 2016ರಿಂದ ನದಿಗಳನ್ನು 1, 2, 3 ಅಂತ ವಿಂಗಡಿಸುತ್ತಾರೆ, ವರ್ಷ ವರ್ಷ ಬದಲಾಗುತ್ತದೆ. 3ನೇ ದರ್ಜೆಯ ನದಿಯಲ್ಲಿ ಇಡೀ ಸೀಸನ್ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ಅದರ ಮೇಲೆ ನದಿ ಮಂಡಳಿಯ ನಿಯಮ, ಬೀಟ್‌ನ ನಿಯಮ. ಈಗ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಮೀನನ್ನು ಜನ ಬಿಡುತ್ತಾರೆ.

ಯಾಕೆ ಕಡಿಮೆ ಅನ್ನುವುದು ದೊಡ್ಡ ಕಥೆ. 2010ರಲ್ಲಿ ಸ್ಕಾಟ್ಲೆಂಡಿನ ಎಲ್ಲ ನದಿ ಸೇರಿ ಕೋಲಿಗೆ ಸಿಕ್ಕ ಸಾಲ್ಮನ್ 1 ಲಕ್ಷ 10 ಸಾವಿರಕ್ಕೂ ಮೇಲೆ. 2023ರಲ್ಲಿ ಸುಮಾರು 32 ಸಾವಿರ. 1952ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಷ್ಟು ಕಡಿಮೆ ಆಗಿದ್ದು ಅದೇ ಮೊದಲು. 2024ರಲ್ಲಿ ಸ್ವಲ್ಪ ಚೇತರಿಸಿತು. ಆದರೂ 2023ರ ಡಿಸೆಂಬರಿನಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಬ್ರಿಟನ್ನಿನ ಸಾಲ್ಮನ್ ಅನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಮರಿ ಹುಟ್ಟುವುದು ನದಿಯಲ್ಲಿ. ಎರಡು ಮೂರು ವರ್ಷ ಹಳ್ಳದ ಜಲ್ಲಿ ಕಲ್ಲಿನ ನಡುವೆ ಬೆಳೆಯುತ್ತದೆ. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳ್ಳಿ ಬಣ್ಣಕ್ಕೆ ತಿರುಗಿ ಸಮುದ್ರಕ್ಕೆ ಇಳಿಯುತ್ತದೆ. ಇದಕ್ಕೆ ಸ್ಮೋಲ್ಟ್ ಅನ್ನುತ್ತೇವೆ. ಈ ವಸಂತದಲ್ಲಿ ನಾನು ಆರು ವಾರ ಸ್ಮೋಲ್ಟ್ ಎಣಿಸಿದೆ. ಬೆಳಗ್ಗೆ ಬಲೆ ಎತ್ತಿದರೆ ಬೊಗಸೆಯಲ್ಲಿ ಕೈಬೆರಳಿನುದ್ದದ ಮೀನು. ಮುಟ್ಟಿದರೆ ಹುರುಪೆ ಬೆರಳಿಗೆ ಅಂಟುತ್ತದೆ, ಅಷ್ಟು ಮೆತ್ತಗೆ. ಅದು ಗ್ರೀನ್‌ಲ್ಯಾಂಡ್ ಕಡೆ, ನಾರ್ವೆ ಸಮುದ್ರದ ಕಡೆ ಹೋಗಿ ತಿಂದು ದೊಡ್ಡದಾಗಿ ಹುಟ್ಟಿದ ನದಿಗೇ ವಾಪಸ್ ಬರಬೇಕು. ಈಗ ನೂರು ಹೋದರೆ ಐದೂ ಬರುವುದಿಲ್ಲ. ಸಮುದ್ರ ಬಿಸಿಯಾಗಿದೆ, ಆಹಾರದ ಜಾಗ ಬದಲಾಗಿದೆ, ನದಿಯಲ್ಲಿ ಅಣೆಕಟ್ಟು, ಬೇಸಿಗೆಯಲ್ಲಿ ಕಾದ ನೀರು, ಪಂಜರಗಳಿಂದ ಬರುವ ಸಮುದ್ರದ ಹೇನು. ಒಂದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ.

ರಾಮನಾಥಪುರದ ಮಗ (ಜೂನ್ 10)

ಇಷ್ಟೆಲ್ಲ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರ ಮೊದಲ ಪ್ರಶ್ನೆ ‘ಅದು ಏನು ತಿನ್ನುತ್ತದೆ? ರಾಗಿ ಹಿಟ್ಟು ತರಲಾ?’

ಮರಿಮೀನು (ಜೂನ್ 11)

ಅಪ್ಪಾಜಿಗೆ ಹೇಳಿ, ನದಿಗೆ ಬಂದ ಸಾಲ್ಮನ್ ಏನೂ ತಿನ್ನುವುದಿಲ್ಲ! ಸಮುದ್ರ ಬಿಟ್ಟ ಮೇಲೆ ಹೊಟ್ಟೆ ಮುದುಡಿಕೊಳ್ಳುತ್ತದೆ. ವಸಂತದಲ್ಲಿ ಬಂದ ಮೀನು ನವೆಂಬರ್, ಡಿಸೆಂಬರಿನಲ್ಲಿ ಮೊಟ್ಟೆ ಇಡುವ ತನಕ ಮೈಯ ಕೊಬ್ಬಿನ ಮೇಲೇ ಬದುಕುತ್ತದೆ. ಎಂಟು ಒಂಬತ್ತು ತಿಂಗಳ ಉಪವಾಸ.

ರಾಮನಾಥಪುರದ ಮಗ (ಜೂನ್ 11)

ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ತಿನ್ನದ ಮೀನಿಗೆ ಗಾಳ ಹಾಕುವುದು ಹೇಗೋ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಬರ್ಡೀನ್ ಅಕ್ಕ (ಜೂನ್ 11)

ನಿಮ್ಮ ತಂದೆ ಕೇಳಿದ್ದು ಇಡೀ ಸಾಲ್ಮನ್ ವಿದ್ಯೆಯ ಮೂಲ ಪ್ರಶ್ನೆ. ನಾನು ಡೀ ನದಿಯಲ್ಲಿ ಎಂಟು ವರ್ಷದಿಂದ ಹಿಡಿಯುತ್ತಿದ್ದೇನೆ, ಇದರ ಬಗ್ಗೆ ದಿನಾ ಯೋಚಿಸುತ್ತೇನೆ. ಹಸಿವಿಗೆ ಅಲ್ಲ, ರೇಗಿ ಕಚ್ಚುತ್ತದೆ ಅನ್ನುತ್ತಾರೆ ಕೆಲವರು. ಸಮುದ್ರದಲ್ಲಿ ತಿಂದ ಅಭ್ಯಾಸದ ನೆನಪು ಅನ್ನುತ್ತಾರೆ ಇನ್ನು ಕೆಲವರು. ಯಾವುದು ನಿಜವೋ, ಮೀನಂತೂ ಕೆಲವೊಮ್ಮೆ ಕಚ್ಚುತ್ತದೆ. ಹೊಸದಾಗಿ ನದಿಗೆ ಬಂದ ಮೀನು ಬೇಗ ಕಚ್ಚುತ್ತದೆ. ಮಡುವಿನಲ್ಲಿ ವಾರಗಟ್ಟಲೆ ನಿಂತು ಕಪ್ಪಾದ ಮೀನು ಕಣ್ಣೆದುರೇ ಗಾಳ ಹಾದುಹೋದರೂ ಅಲ್ಲಾಡುವುದಿಲ್ಲ.

ಅದಕ್ಕೇ ಇಲ್ಲಿ ತಿಂಡಿ ಕಟ್ಟುವುದಿಲ್ಲ, ಫ್ಲೈ ಕಟ್ಟುತ್ತಾರೆ. ಕೂದಲು, ಗರಿ, ಮಿನುಗುವ ದಾರ ಸುತ್ತಿದ ಗಾಳ. ನನ್ನ ಡಬ್ಬಿಯಲ್ಲಿ ಜಾಸ್ತಿ ಇರುವುದು ಕಿತ್ತಳೆ, ಹಳದಿ, ಕಪ್ಪು ಸೇರಿದ ಕ್ಯಾಸ್ಕೇಡ್. ವಸಂತದ ತಣ್ಣನೆ ನೀರಿಗೆ ವಿಲ್ಲಿ ಗನ್. ಕೋಲು 13ರಿಂದ 15 ಅಡಿ, ಎರಡೂ ಕೈಯಲ್ಲಿ ಹಿಡಿಯುವಂಥದ್ದು. ಹಿಂದೆ ಮರ ಇದ್ದರೂ ದಾರ ಹಿಂದಕ್ಕೆ ಬೀಸದೆ ನೀರಿನ ಮೇಲೇ ಸುತ್ತಿಸಿ ಎಸೆಯುವ ವಿಧಾನಕ್ಕೆ ಸ್ಪೇ ಕಾಸ್ಟಿಂಗ್ ಅನ್ನುತ್ತಾರೆ. ಸ್ಪೇ ನದಿಯಿಂದ ಬಂದ ಹೆಸರು.

ಎಸೆದ ಮೇಲೆ ಸೆಳವು ದಾರವನ್ನು ಆಚೆ ದಡದಿಂದ ಈಚೆಗೆ ಎಳೆದು ತರುತ್ತದೆ. ಪೂರ್ತಿ ಬಂದ ಮೇಲೆ ಎರಡು ಹೆಜ್ಜೆ ಕೆಳಗೆ ಹೋಗಿ ಮತ್ತೆ ಎಸೆಯಬೇಕು. ಎಸೆ, ತೇಲಲಿ, ಎರಡು ಹೆಜ್ಜೆ. ಹೀಗೆ ಇಡೀ ಮಡು. ಕಚ್ಚಿದ ಕೂಡಲೇ ಜಗ್ಗಬೇಡಿ ಅಂತ ತಂದೆಗೆ ಈಗಿನಿಂದಲೇ ಹೇಳಿಡಿ. ಮೀನು ತಿರುಗಿ ದಾರ ಬಿಗಿಯಾದ ಮೇಲೆ ಕೋಲು ಎತ್ತಬೇಕು. ಊರಿನಲ್ಲಿ ಗಾಳ ಹಾಕಿದ ಕೈಗೆ ಇದು ಬಹಳ ಕಷ್ಟ. ನನ್ನ ಮೊದಲ ಎರಡು ಮೀನು ತಪ್ಪಿದ್ದೇ ಹೀಗೆ.

ಆದರೆ ಒಂದು ಮಾತು. 68ರ ವಯಸ್ಸಿಗೆ ಜಾರು ಕಲ್ಲಿನ ಮೇಲೆ ಎದೆಮಟ್ಟದ ನೀರಿನಲ್ಲಿ ನಿಲ್ಲಿಸಬೇಡಿ. ಟೇ ಬ್ರಿಟನ್ನಿನಲ್ಲೇ ಅತಿ ಹೆಚ್ಚು ನೀರು ಹೊತ್ತು ಹರಿಯುವ ನದಿ. ಮೇಲೆ ಶಾಂತ ಕಾಣುತ್ತದೆ, ಕೆಳಗೆ ಕಾಲು ಕೀಳುತ್ತದೆ. ದೋಣಿ ಇರುವ ಬೀಟ್ ನೋಡಿ. ಲೈಫ್ ಜಾಕೆಟ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಲೀಡ್ಸ್ ಡಾಕ್ಟರ್ (ಜೂನ್ 12)

ನನ್ನ ಅನುಭವವನ್ನೂ ಸೇರಿಸುತ್ತೇನೆ, ಬೇರೆಯವರಿಗೆ ಹಾಗಾಗಬಾರದು. ನಾಲ್ಕು ವರ್ಷದ ಹಿಂದೆ ಇನ್ನೊಂದು ನದಿಯಲ್ಲಿ ಮೂರು ದಿನ ಬುಕ್ ಮಾಡಿದೆ. ಮಧ್ಯವರ್ತಿಯೊಬ್ಬರು ‘ಬೆಸ್ಟ್ ವಾರ’ ಅಂದರು. ರೂಮ್, ಬೀಟ್, ಬಾಡಿಗೆ ಕೋಲು ಸೇರಿ 900 ಪೌಂಡ್ ಹೋಯಿತು. ಹೋಗಿ ನೋಡಿದರೆ ನದಿಯಲ್ಲಿ ನೀರೇ ಇಲ್ಲ. ಆರು ವಾರದಿಂದ ಮಳೆ ಬಿದ್ದಿರಲಿಲ್ಲ, ಕಲ್ಲಿನ ಮೇಲೆ ಪಾಚಿ ಒಣಗಿತ್ತು. ಮೀನೆಲ್ಲ ಕೆಳಗೆ ಸಮುದ್ರದ ಬಾಯಲ್ಲಿ ಕಾಯುತ್ತಿತ್ತು. ದುಡ್ಡು ವಾಪಸ್ ಕೇಳಿದೆ, ಹವಾಮಾನಕ್ಕೆ ನಾವು ಜವಾಬ್ದಾರರಲ್ಲ ಅಂದರು. ಬರಹದಲ್ಲೂ ಹಾಗೇ ಇತ್ತು, ನಾನೇ ಓದಿರಲಿಲ್ಲ.

ಮೂರು ದಿನಕ್ಕಿಂತ ನೋವಾಗಿದ್ದು ಮಗನ ಮುಖ. ಅವನಿಗೆ ಮೀನು ಸಿಗುತ್ತದೆ ಅಂತ ನಾನೇ ಮಾತು ಕೊಟ್ಟಿದ್ದೆ.

ಟೇ ದಂಡೆ (ಜೂನ್ 12)

ಡಾಕ್ಟರ್ ಸರ್, ಓದಿ ಬೇಜಾರಾಯಿತು. ನೀವು ಹೇಳಿದ್ದರಲ್ಲಿ ಎಲ್ಲರಿಗೂ ಉಪಯೋಗ ಆಗುವ ವಿಷಯ ಇದೆ. ಸಣ್ಣ ನದಿಗಳು ಮಳೆ ನಂಬಿ ಬದುಕುವಂಥವು. ಮಳೆ ಬಂದ ಮಾರನೇ ದಿನ ಸ್ವರ್ಗ, ವಾರ ಬಿಟ್ಟರೆ ಬರೀ ಕಲ್ಲು. ಅಂಥ ನದಿಯನ್ನು ಮೂರು ತಿಂಗಳ ಮೊದಲೇ ಬುಕ್ ಮಾಡುವುದು ಮೋಡ ನೋಡಿ ಬಿತ್ತಿದ ಹಾಗೆ. ಟೇ ಹಾಗಲ್ಲ. ಮೇಲೆ ದೊಡ್ಡ ದೊಡ್ಡ ಲೋಖ್, ಅಂದರೆ ಸರೋವರಗಳಿವೆ, ಜಲವಿದ್ಯುತ್ ಅಣೆಕಟ್ಟುಗಳಿವೆ. ಬೇಸಿಗೆಯಲ್ಲೂ ಒಂದಷ್ಟು ನೀರು ಇದ್ದೇ ಇರುತ್ತದೆ. ದೂರದಿಂದ ಬರುವವರಿಗೆ ನಾನು ದೊಡ್ಡ ನದಿಯನ್ನೇ ಹೇಳುವುದು ಇದಕ್ಕೆ.

ದೊಡ್ಡ ನದಿಯಲ್ಲೂ ನೀರಿನ ಮಟ್ಟವೇ ಎಲ್ಲ. ಸೇಪಾ ಅನ್ನುವ ಪರಿಸರ ಸಂಸ್ಥೆ ಅಳತೆಗಂಬದ ಮಟ್ಟವನ್ನು ಅಂತರ್ಜಾಲದಲ್ಲಿ ಹಾಕುತ್ತದೆ. ಬೆಳಗ್ಗೆ ಕಾಫಿಗೆ ಮೊದಲು ನಾನು ನೋಡುವುದು ಅದನ್ನೇ. ಏರುತ್ತಿರುವ ಕೆಂಪು ನೀರು ಬೇಡ. ಏರಿ, ಇಳಿಯಲು ಶುರುವಾಗಿ, ಟೀ ಡಿಕಾಕ್ಷನ್ ಬಣ್ಣಕ್ಕೆ ತಿಳಿಯಾಗುತ್ತಿರುವ ನೀರು ಬೇಕು. ಆಗ ಮೀನು ಮೇಲಕ್ಕೆ ಹೊರಡುತ್ತದೆ. ಹಾಗಾಗಿ ರಾಮನಾಥಪುರದವರೇ, ಈಗಲೇ ಬುಕ್ ಮಾಡಬೇಡಿ. ಮೂರು ವಾರ ಇದೆಯಲ್ಲ. ಖಾಲಿ ಉಳಿದ ಕೋಲುಗಳು ಕೊನೇ ಗಳಿಗೆಯಲ್ಲಿ ಫಿಶ್‌ಪಾಲ್ ಥರದ ಜಾಲತಾಣಗಳಲ್ಲಿ ಬರುತ್ತವೆ. ನೀರು ನೋಡಿ, ಎರಡು ದಿನ ಮೊದಲು ತೆಗೆದುಕೊಳ್ಳಿ.

ಅಕ್ಕ ದೋಣಿ ಅಂದದ್ದು ಸರಿ. ಟೇಯಲ್ಲಿ ಹಾರ್ಲಿಂಗ್ ಅನ್ನುವ ಹಳೆಯ ಪದ್ಧತಿ ಇದೆ. ದೋಣಿಯ ಹಿಂದೆ ಎರಡು ಮೂರು ಕೋಲು ಚಾಚಿ ಇಡುತ್ತಾರೆ. ಗಿಲ್ಲಿ, ಅಂದರೆ ಬೀಟ್ ನೋಡಿಕೊಳ್ಳುವವರು, ದೋಣಿಯನ್ನು ಸೆಳವಿಗೆ ಅಡ್ಡಡ್ಡ ಆ ಕಡೆ ಈ ಕಡೆ ನಡೆಸುತ್ತ ನಿಧಾನ ಕೆಳಗೆ ಬಿಡುತ್ತಾರೆ. ಎಸೆಯುವ ವಿದ್ಯೆ ಬೇಕಿಲ್ಲ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಬ್ರಿಟನ್ನಿನ ದಾಖಲೆ ಸಾಲ್ಮನ್ ಸಿಕ್ಕಿದ್ದೂ ಈ ನದಿಯ ದೋಣಿಯಲ್ಲೇ. 1922ರ ಅಕ್ಟೋಬರ್ 7ರ ಸಂಜೆ, ಕೇಪತ್ ಹಳ್ಳಿಯ ಹತ್ತಿರ ಗ್ಲೆನ್‌ಡೆಲ್‌ವೈನ್ ನೀರಿನಲ್ಲಿ. ಜಾರ್ಜಿನಾ ಬ್ಯಾಲಂಟೈನ್ ಅನ್ನುವ ಹೆಣ್ಣುಮಗಳು ದೋಣಿಯಲ್ಲಿ ಅಪ್ಪನ ಜೊತೆ ಇದ್ದರು. ಮೀನು ಎರಡು ಗಂಟೆ ಕಾಲ ಅವರನ್ನು ನದಿಯಲ್ಲಿ ಎಳೆದಾಡಿತು. ದಡಕ್ಕೆ ತಂದಾಗ ಪೂರ್ತಿ ಕತ್ತಲೆ. ತೂಕ 64 ಪೌಂಡ್, ನಮ್ಮ ಲೆಕ್ಕದಲ್ಲಿ 29 ಕಿಲೋ. ನೂರು ವರ್ಷ ದಾಟಿದರೂ ಆ ದಾಖಲೆ ಹಾಗೇ ನಿಂತಿದೆ. ಆ ಮೀನಿನ ಅಚ್ಚು ಪರ್ತ್ ಮ್ಯೂಸಿಯಂನಲ್ಲಿದೆ. ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ ತೋರಿಸಿ. ಅಪ್ಪ ಮಗಳು ಇಬ್ಬರೇ, ಕತ್ತಲಲ್ಲಿ, ಅಷ್ಟು ದೊಡ್ಡ ನೀರಿನ ಮೇಲೆ. ನಾನು ಆ ಹಳ್ಳಿಯ ಸೇತುವೆ ದಾಟುವಾಗಲೆಲ್ಲ ಕಾರು ನಿಧಾನ ಮಾಡುತ್ತೇನೆ.

ಗಾಲಿಬೋರೆ (ಜೂನ್ 13)

ಕನಕಪುರದಿಂದ ಬರೆಯುತ್ತಿದ್ದೇನೆ. ಸ್ಕಾಟ್ಲೆಂಡ್ ನೋಡಿಲ್ಲ. ಆದರೆ ಗಾಲಿಬೋರೆ, ಭೀಮೇಶ್ವರಿ ಕ್ಯಾಂಪ್‌ಗಳಲ್ಲಿ ಮಹಶೀರ್ ಮೀನು ಹಿಡಿಯಲು ಬಂದ ಎಷ್ಟೋ ಬ್ರಿಟಿಷರ ಜೊತೆ ಹರಿಗೋಲಿನಲ್ಲಿ ಹೋಗಿದ್ದೇನೆ. ಅವರಲ್ಲಿ ಅನೇಕರು ಸಾಲ್ಮನ್ ಹಿಡಿದು ಪಳಗಿದವರೇ. ನಮ್ಮ ರಾಗಿ ಉಂಡೆ ನೋಡಿ ಮೊದಲ ದಿನ ಅನುಮಾನ ಪಡುತ್ತಿದ್ದರು. ಎರಡನೇ ದಿನ ತಾವೇ ನಾದುತ್ತಿದ್ದರು.

ಹಿಡಿದದ್ದನ್ನು ಬಿಡುವುದನ್ನು ನಾವು ಆ ಕ್ಯಾಂಪ್‌ನಲ್ಲೇ ಕಲಿತೆವು. ಮೊದಮೊದಲು ನನಗೆ ಒಪ್ಪಿಗೆ ಆಗುತ್ತಿರಲಿಲ್ಲ. ಇಷ್ಟು ಕಷ್ಟಪಟ್ಟು ಹಿಡಿದು ಬಿಡುವುದಾ ಅನಿಸುತ್ತಿತ್ತು. ಒಂದು ಸಲ ದೊಡ್ಡ ಮೀನನ್ನು ನೀರಿನಲ್ಲಿ ಹಿಡಿದುಕೊಂಡು ನಿಂತಿದ್ದೆ. ಹತ್ತು ನಿಮಿಷ ಆಯಿತು. ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಆಮೇಲೆ ಒಮ್ಮೆಲೇ ಬಾಲ ಬಡಿದು ಹೋಯಿತು. ಅವತ್ತಿನಿಂದ ಮನಸ್ಸು ಬದಲಾಯಿತು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ಇತ್ತು. ಆ ಗೂನು ಬೆನ್ನಿನ ಮಹಶೀರ್ ಈಗ ತೀರಾ ಅಳಿವಿನಂಚಿನ ಪಟ್ಟಿಯಲ್ಲಿದೆ, 2018ರಲ್ಲಿ ಸೇರಿಸಿದರು. ಎರಡು ದೇಶದಲ್ಲೂ ದೊಡ್ಡ ಮೀನಿನ ಕಥೆ ಉಳಿದು ಮೀನು ಕಡಿಮೆ ಆಗಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕರಾವಳಿ ಹುಡುಗ (ಜೂನ್ 13)

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಳಿಯುತ್ತಿರುವ ಮೀನು ಅಂತೀರಿ, ತಿನ್ನುವುದಿಲ್ಲ ಅಂತೀರಿ. ಹಾಗಿದ್ದರೆ ಗಾಳ ಹಾಕಿ ನೋಯಿಸಿ ಬಿಡುವುದು ಯಾಕೆ? ಸುಮ್ನೆ ಬಿಟ್ಟುಬಿಡಬಹುದಲ್ಲ? ನಮ್ಮ ಮನೆಯವರು ಸಮುದ್ರಕ್ಕೆ ಹೋಗುವುದು ಹೊಟ್ಟೆಪಾಡಿಗೆ. ಇದು ನಂಗೆ ಅರ್ಥ ಆಗಿಲ್ಲ.

ಆಬರ್ಡೀನ್ ಅಕ್ಕ (ಜೂನ್ 14)

ಇದು ನ್ಯಾಯವಾದ ಪ್ರಶ್ನೆ, ಬೇಸರ ಏನೂ ಇಲ್ಲ. ಪೂರ್ತಿ ಉತ್ತರ ನನ್ನಲ್ಲೂ ಇಲ್ಲ. ನೋಡಿದ್ದನ್ನು ಹೇಳುತ್ತೇನೆ.

ಬೀಟ್‌ನವರು ನದಿ ಮಂಡಳಿಗೆ ಕರ ಕಟ್ಟುತ್ತಾರೆ. ಆ ದುಡ್ಡಿನಲ್ಲೇ ಕಳ್ಳಬೇಟೆ ತಡೆಯುವ ಕಾವಲುಗಾರರು, ಮರಿಗಳ ಲೆಕ್ಕ. ಡೀ ಮೇಲ್ಭಾಗದಲ್ಲಿ ಮರ ಇಲ್ಲದ ಬೋಳು ಗುಡ್ಡ, ಬೇಸಿಗೆಯಲ್ಲಿ ಹಳ್ಳದ ನೀರು ಕಾಯುತ್ತದೆ. ಅದಕ್ಕೆ ನೆರಳಿಗೆ ಅಂತ ದಡದಲ್ಲಿ ಲಕ್ಷಗಟ್ಟಲೆ ಗಿಡ ನೆಡುತ್ತಿದ್ದಾರೆ. ನಾನೂ ಎರಡು ಸಲ ಹೋಗಿ ನೆಟ್ಟು ಬಂದಿದ್ದೇನೆ. ಗಾಳದವರು ಪೂರ್ತಿ ಹೋದರೆ ಈ ಕೆಲಸಕ್ಕೆ ದುಡ್ಡು ಎಲ್ಲಿಂದ, ಪ್ರತಿ ದಿನ ನೀರು ನೋಡುವ ಕಣ್ಣು ಎಲ್ಲಿಂದ ಅನ್ನುವುದು ನನ್ನ ಚಿಂತೆ.

ಆದರೆ ಬಿಡುವುದನ್ನು ಸರಿಯಾಗಿ ಬಿಡಬೇಕು. ಮುಳ್ಳಿಲ್ಲದ ಗಾಳ. ಗಂಟಿಲ್ಲದ ಮೆತ್ತನೆ ಬಲೆ. ಕೈ ಒದ್ದೆ ಮಾಡದೆ ಮೀನು ಮುಟ್ಟಬಾರದು, ಒಣ ಕೈಗೆ ಲೋಳೆ ಹೋಗಿ ಬೂಷ್ಟು ಹಿಡಿಯುತ್ತದೆ. ಫೋಟೋಗೆ ಅಂತ ಎತ್ತಿ ನಿಲ್ಲಬಾರದು. ನೀರಿನಲ್ಲೇ ತಲೆಯನ್ನು ಸೆಳವಿನ ಎದುರಿಗೆ ಮಾಡಿ ಹಿಡಿದರೆ ತಾನೇ ಉಸಿರು ಹಿಡಿದು ಹೋಗುತ್ತದೆ. ನೀರು 20 ಡಿಗ್ರಿ ತಲುಪಿದರೆ ನಾನು ಕೋಲು ಬಿಚ್ಚಿ ಮನೆಗೆ ಹೋಗುತ್ತೇನೆ, ದುಡ್ಡು ಕೊಟ್ಟಿದ್ದರೂ. ದೊಡ್ಡ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತದೆ. ಒಂದು ಉಳಿದರೆ ಅಷ್ಟು ಉಳಿದ ಹಾಗೆ.

ಇಷ್ಟಾದರೂ ನಿಮಗೆ ಸರಿ ಅನಿಸದಿದ್ದರೆ ಅದನ್ನು ಗೌರವಿಸುತ್ತೇನೆ.

ಕರಾವಳಿ ಹುಡುಗ (ಜೂನ್ 14)

ಅಕ್ಕ, ಗಾಳದ ವಿಷಯದಲ್ಲಿ ಇನ್ನೂ ಮನಸ್ಸು ಒಪ್ಪಿಲ್ಲ. ಗಿಡ ನೆಡಲು ಮುಂದಿನ ಸಲ ಹೋಗುವಾಗ ನನ್ನನ್ನೂ ಕರೆಯಿರಿ.

ಟೇ ದಂಡೆ (ಜೂನ್ 15)

ಬಜೆಟ್ ಬಗ್ಗೆ ಕೊನೆಯದಾಗಿ. 300 ಪೌಂಡ್ ಧಾರಾಳ ಆಯಿತು. ಹೆಸರುವಾಸಿ ಬೀಟ್ ಹಿಂದೆ ಹೋಗಬೇಡಿ. ಕೆಲ್ಸೋ ಊರಲ್ಲಿ ಟ್ವೀಡ್ ನದಿಗೆ ಟೆವಿಯಟ್ ಸೇರುವ ಜಂಕ್ಷನ್ ಪೂಲ್ ಇದೆ. ಅಲ್ಲಿ ಸೀಸನ್ ವಾರಕ್ಕೆ ಕೊಡುವ ದುಡ್ಡಿನಲ್ಲಿ ಊರಿಗೆ ಹೋಗಿಬರಬಹುದು. ಕೋಲು, ರೀಲ್ ಕೊಳ್ಳಬೇಡಿ. ಗಿಲ್ಲಿ ಇರುವ ಬೀಟ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ದೋಣಿ ಇದೆಯಾ, ಕೋಲು ಕೊಡುತ್ತೀರಾ, ಇಬ್ಬರು ಒಂದೇ ಕೋಲು ಹಂಚಿಕೊಳ್ಳಬಹುದಾ. ಎಷ್ಟೋ ಕಡೆ ಒಪ್ಪುತ್ತಾರೆ, ಆಗ ಖರ್ಚು ಅರ್ಧ. ಸಂಜೆ ಹೊರಡುವಾಗ ಗಿಲ್ಲಿಯ ಕೈಗೆ ಒಂದಿಷ್ಟು ಕೊಡುವುದು ಇಲ್ಲಿನ ರೂಢಿ. ನಾನು 20, 30 ಪೌಂಡ್ ಕೊಡುತ್ತೇನೆ, ಮೀನು ಸಿಗಲಿ ಬಿಡಲಿ. ಜಾಗ ತೋರಿಸಿದವರು, ದೋಣಿ ನಡೆಸಿದವರು ಅವರೇ.

ಮರಿಮೀನು (ಜೂನ್ 15)

ಭಾನುವಾರ ಪಿಟ್ಲಾಖ್ರಿಗೆ ಹೋಗಿ. ಅಲ್ಲಿನ ಅಣೆಕಟ್ಟಿನ ಪಕ್ಕ ಮೀನಿಗೆ ಅಂತ ಮೆಟ್ಟಿಲು ಕಟ್ಟಿದ್ದಾರೆ. 310 ಮೀಟರ್ ಉದ್ದ, 34 ತೊಟ್ಟಿ. ಒಂದೊಂದು ತೊಟ್ಟಿಯೂ ಕೆಳಗಿನದಕ್ಕಿಂತ ಸ್ವಲ್ಪ ಎತ್ತರ. ಮೀನು ಹತ್ತಿ ಹತ್ತಿ ಮೇಲಿನ ಸರೋವರ ಸೇರುತ್ತದೆ. ಅಮ್ಮನಿಗೂ ಇಷ್ಟವಾಗುತ್ತದೆ.

ರಾಮನಾಥಪುರದ ಮಗ (ಸೆಪ್ಟೆಂಬರ್ 24)

ಎಲ್ಲರಿಗೂ ಒಂದು ವರದಿ ಬಾಕಿ ಇತ್ತು. ಅಪ್ಪ ಅಮ್ಮ ನಿನ್ನೆ ವಿಮಾನ ಹತ್ತಿದರು.

ಟೇ ದಂಡೆ ಸರ್ ಹೇಳಿದ ಹಾಗೇ ಬುಕ್ ಮಾಡದೆ ಕಾದೆ. ಮೊದಲ ವಾರ ನೀರು ಕಡಿಮೆ. ಎರಡನೇ ವಾರ ಎರಡು ದಿನ ಜೋರು ಮಳೆ. ಮಟ್ಟ ಏರಿ, ಇಳಿಯಲು ಶುರುವಾದ ರಾತ್ರಿ ಡಂಕೆಲ್ಡ್ ಕೆಳಗಿನ ಒಂದು ಬೀಟ್‌ನಲ್ಲಿ ಗುರುವಾರಕ್ಕೆ ಒಂದು ಕೋಲು ಖಾಲಿ ಕಂಡಿತು. ತೆಗೆದುಕೊಂಡೆ. ಖರ್ಚು: ಕೋಲಿಗೆ 95, ಗಿಲ್ಲಿಗೆ 30, ಪೆಟ್ರೋಲ್ 12, ಅಪ್ಪನಿಗೆ ಮಳೆ ಜಾಕೆಟ್ 35. ಒಟ್ಟು 172 ಪೌಂಡ್. ಊಟಕ್ಕೆ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಫ್ಲಾಸ್ಕ್‌ನಲ್ಲಿ ಕಾಫಿ.

ಒಂಬತ್ತಕ್ಕೆ ದೋಣಿ ಹತ್ತಿದೆವು. ಗಿಲ್ಲಿ ಅಪ್ಪನ ವಯಸ್ಸಿನವರೇ. ಅಪ್ಪನಿಗೆ ಇಂಗ್ಲಿಷ್ ಕಷ್ಟ, ಅವರ ಇಂಗ್ಲಿಷ್ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ದೋಣಿ ಒಂದು ಬಂಡೆಯ ಹತ್ತಿರ ಬಂದಾಗ ಅಪ್ಪ ಅದರ ಕೆಳಗಿನ ನೀರಿಗೆ ಕೈ ತೋರಿಸಿದರು. ಬಂಡೆಗೆ ಸೀಳಿದ ಸೆಳವು ಮತ್ತೆ ಕೂಡುವ ಜಾಗ. ಗಿಲ್ಲಿ ಅಪ್ಪನ ಮುಖ ನೋಡಿ ತಲೆ ಆಡಿಸಿದರು. ಆ ದಿನ ಮೀನು ನಿಲ್ಲುವ ಜಾಗ ಅದೇ ಅಂತೆ. ಆಮೇಲೆ ಇಬ್ಬರಿಗೂ ನಾನು ಬೇಕಾಗಲೇ ಇಲ್ಲ.

ಮಧ್ಯಾಹ್ನದವರೆಗೆ ಏನೂ ಇಲ್ಲ. ಎರಡು ಸಲ ದೊಡ್ಡ ಮೀನು ಹಾರಿತು. ಒಂದು ದೋಣಿಯಿಂದ ಹತ್ತು ಮಾರು ದೂರ, ಇಡೀ ಮೈ ನೀರಿನಿಂದ ಆಚೆ. ಅಪ್ಪ ‘ಅಯ್ಯೋ’ ಅಂದು ನನ್ನ ತೋಳು ಹಿಡಿದರು. ಮೂರೂವರೆಗೆ ಅಪ್ಪನ ಕೋಲು ಬಾಗಿತು. ರೀಲ್ ಕಿರ್ರ್ ಅಂತ ಕೂಗಿತು. ಅಪ್ಪ ಜಗ್ಗಲಿಲ್ಲ. ಅಕ್ಕ ಹೇಳಿದ್ದನ್ನು ಮೂರು ತಿಂಗಳು ನೆನಪಿಟ್ಟುಕೊಂಡಿದ್ದರು. ನಿಧಾನ ಕೋಲು ಎತ್ತಿದರು, ಮೀನು ಆಚೆ ದಡದ ಕಡೆ ಓಡಿತು. ನಾಲ್ಕೈದು ನಿಮಿಷ. ಹತ್ತಿರ ಬಂತು, ಕೆಂಚು ಬಣ್ಣ ಹತ್ತಿದ ಬೆನ್ನು ಕಂಡಿತು, ಗಿಲ್ಲಿ ಬಲೆ ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಒಂದು ಸಲ ಹೊರಳಿತು, ದಾರ ಸಡಿಲವಾಯಿತು.

ನನಗೆ ಅಳು ಬಂದಂತಾಯಿತು. ಅಪ್ಪ ಮಾತ್ರ ಕೈ ನೋಡಿಕೊಳ್ಳುತ್ತಿದ್ದರು. ಬೆರಳು ನಡುಗುತ್ತಿತ್ತು. ‘ಹೇಗಿದ್ದರೂ ಬಿಡುವುದೇ ಆಗಿತ್ತಲ್ಲ’ ಅಂದರು.

ಸಂಜೆ ಗುಡಿಸಲಿನಲ್ಲಿ ಟೀ ಕುಡಿಯುವಾಗ ಅಪ್ಪ ಜಾಕೆಟ್ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ರಾಗಿ ಹಿಟ್ಟು. ಸೂಟ್‌ಕೇಸಿನಲ್ಲಿ ನನಗೆ ಹೇಳದೆ ತಂದಿದ್ದರು. ಬಿಸಿನೀರಿನಲ್ಲಿ ಕಲಸಿ, ನಾದಿ, ಉಂಡೆ ಮಾಡಿ ಗಿಲ್ಲಿಯ ಅಂಗೈ ಮೇಲಿಟ್ಟರು. ಅವರು ಮೂಸಿ ನೋಡಿ, ಒತ್ತಿ ನೋಡಿ, ಎಷ್ಟು ದೊಡ್ಡ ಮೀನಿಗೆ ಅಂತ ಕೇಳಿದರು. ಅಪ್ಪ ಎರಡೂ ಕೈ ಅಗಲಿಸಿ ತೋರಿಸಿದರು.

ಗಾಲಿಬೋರೆ (ಸೆಪ್ಟೆಂಬರ್ 24)

ಓದಿ ಕಣ್ಣು ತುಂಬಿತು. ತಂದೆಯವರು ಊರಿಗೆ ಬಂದ ಮೇಲೆ ಒಂದು ದಿನ ಕನಕಪುರಕ್ಕೆ ಬರಲು ಹೇಳಿ. ಗಾಳ ಬೇಡ, ಹೊಳೆ ನೋಡೋಣ.

ಟೇ ದಂಡೆ (ಸೆಪ್ಟೆಂಬರ್ 25)

ಕೆಂಚು ಬಣ್ಣ ಅಂದರೆ ನದಿಗೆ ಬಂದು ಕೆಲವು ವಾರ ಆದ ಮೀನು. ಅದು ಕಚ್ಚುವುದೇ ಅಪರೂಪ, ಅಪ್ಪ ಚೆನ್ನಾಗಿಯೇ ಹಿಡಿದಿದ್ದಾರೆ. ಸೀಸನ್ ಮುಗಿಯಲು ಇನ್ನೂ ಮೂರು ವಾರ ಇದೆ. ನಿಮ್ಮ ಬಜೆಟ್‌ನಲ್ಲಿ 128 ಪೌಂಡ್ ಉಳಿದಿದೆ ಅಲ್ವಾ? ಮುಂದಿನ ಶನಿವಾರ ಸಂಘದ ನೀರಿಗೆ ನಾನು ಹೋಗುತ್ತಿದ್ದೇನೆ. ಬಿಡುವಿದ್ದರೆ ಬನ್ನಿ, ಎಸೆಯುವುದು ಕಲಿಸುತ್ತೇನೆ. ನನ್ನ ಹತ್ತಿರ ಇನ್ನೊಂದು ಕೋಲು ಇದೆ.